ಮಂಗಳೂರು ಬಂದರ್ ನೋಡಬೇಕಾ? ನೀರಿನ ಕಡೆಯಿಂದ ಬನ್ನಿ

ಕಳೆದ ಸಂಚಿಕೆಯಲ್ಲಿ ಮಂಗಳೂರಿನ ಹಳೆ ಬಂದರಿನ ಬಗ್ಗೆ ಒಬ್ಬರಿಗೆ ನಾಲ್ಕು ಸಾಲಿನ ಉತ್ತರ ಕೊಟ್ಟಿದ್ದೆ. ಅದನ್ನು ಓದಿ ಇನ್ನಷ್ಟು ಜನ ಬರೆದಿದ್ದಾರೆ. ಬಂದರಿನ ಸಗಟು ಅಂಗಡಿಯೊಂದರಲ್ಲಿ ಬಹಳ ಕಾಲ ಲೆಕ್ಕ ಬರೆದವಳು ನಾನು. ಈ ವಿಷಯ ಎತ್ತಿದರೆ ನನ್ನ ಮಾತು ಬೇಗ ಮುಗಿಯುವುದಿಲ್ಲ. ಹಾಗಾಗಿ ಈ ಸಲದ ಪುಟ ಪೂರ್ತಿ ಬಂದರಿಗೇ ಮೀಸಲು.

ಪ್ರಶ್ನೆ: ಅಕ್ಕಾ, ಮುಂದಿನ ತಿಂಗಳು ಮನೆಯವರೆಲ್ಲ ಮಂಗಳೂರಿಗೆ ಬರುತ್ತಿದ್ದೇವೆ. ಬಂದರ್ ಕಡೆ ಸುತ್ತಲು ಒಂದು ಭಾನುವಾರ ಇಟ್ಟುಕೊಂಡಿದ್ದೇವೆ. ಎಲ್ಲಿಂದ ಶುರು ಮಾಡೋದು? — ಸಾಗರದ ಓದುಗರು

ಮೊದಲು ಆ ಭಾನುವಾರವನ್ನು ಬದಲಾಯಿಸಿ. ಭಾನುವಾರ ಬಂದರಿನಲ್ಲಿ ಅಂಗಡಿಗಳು ಮುಚ್ಚಿರುತ್ತವೆ, ಲಾರಿಗಳು ನಿಂತಿರುತ್ತವೆ. ಗೋಡೆ ನೋಡಿ ವಾಪಸ್ ಹೋಗಬೇಕಾಗುತ್ತೆ. ಶುಕ್ರವಾರ ಮಧ್ಯಾಹ್ನವೂ ಬೇಡ, ಅದು ನಮಾಜಿನ ಹೊತ್ತು. ಬೇರೆ ಯಾವುದಾದರೂ ಕೆಲಸದ ದಿನ ಬೆಳಿಗ್ಗೆ ಬೇಗ ಬನ್ನಿ.

ಊರು ನೋಡಲು ಬಂದವರಲ್ಲಿ ಹೆಚ್ಚಿನವರು ಹಂಪನಕಟ್ಟೆಯಿಂದ ಇಳಿಯುತ್ತಾರೆ. ದೇವಸ್ಥಾನ ನೋಡಿ, ಚರ್ಚ್ ನೋಡಿ, ಕೊನೆಗೆ ಸುಸ್ತಾಗಿ ದಕ್ಕೆಗೆ, ಅಂದರೆ ದೋಣಿ ಕಟ್ಟಿ ಮಾಲು ಇಳಿಸುವ ಕಟ್ಟೆಗೆ ಹೋಗಿ ಒಂದು ಫೋಟೋ ತೆಗೆದು ಮುಗಿಸುತ್ತಾರೆ. ನೀವು ತಿರುಗಿಸಿ ಮಾಡಿ. ಆಟೋದವರಿಗೆ ನೇರ ದಕ್ಕೆಗೆ ಬಿಡಲು ಹೇಳಿ. ಮಾಲು ಇಳಿದದ್ದು ನೀರಿನ ಕಡೆಯಿಂದ. ಅಲ್ಲಿಂದ ಗೋದಾಮಿಗೆ, ಗೋದಾಮಿನಿಂದ ಅಂಗಡಿಗೆ, ಅಂಗಡಿಯಿಂದ ಪೇಟೆಗೆ ಹೋಯಿತು. ನೀವೂ ಅದೇ ದಾರಿಯಲ್ಲಿ ನಡೆದರೆ ಯಾರು ಎಲ್ಲಿ ಮನೆ ಮಾಡಿದರು, ಯಾಕೆ ಅಲ್ಲೇ ಮಾಡಿದರು ಅಂತ ತಾನಾಗಿ ಗೊತ್ತಾಗುತ್ತೆ.

ದಕ್ಕೆಯಲ್ಲಿ ಬೆಳಿಗ್ಗೆ ಮೀನಿನ ಹರಾಜು ಇರುತ್ತೆ. ಬಂಗುಡೆ, ಬೂತಾಯಿ, ಬೊಂಡಾಸು ಬುಟ್ಟಿಗಟ್ಟಲೆ ಬರುತ್ತೆ. ಮೊಗವೀರ ಹೆಂಗಸರು ವ್ಯಾಪಾರ ಕುದುರಿಸುವ ವೇಗಕ್ಕೆ ನಿಮ್ಮ ಕಿವಿ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ದಾರಿಗೆ ಅಡ್ಡ ನಿಲ್ಲಬೇಡಿ, ನೆಲ ಜಾರುತ್ತೆ, ಹಳೆ ಚಪ್ಪಲಿ ಹಾಕಿಕೊಳ್ಳಿ. ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಆಗ ಬೋಟುಗಳೆಲ್ಲ ಸಾಲಾಗಿ ಕಟ್ಟಿ ನಿಂತಿರುತ್ತವೆ.

ಮೀನಿನ ದಕ್ಕೆಯಲ್ಲೇ ನಿಂತುಬಿಡಬೇಡಿ. ಅಲ್ಲಿಂದ ಸ್ವಲ್ಪ ಮುಂದೆ, ಸರಕಿನ ದಕ್ಕೆಯಲ್ಲಿ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳು, ಅಂದರೆ ಮರದ ಸರಕು ಹಡಗುಗಳು ನಿಂತಿರುತ್ತವೆ. ನನಗೆ ಕೇಳಿದರೆ ಇಡೀ ಬಂದರಿನಲ್ಲಿ ನೋಡಲೇಬೇಕಾದದ್ದು ಇದು. ಆ ದ್ವೀಪಗಳಲ್ಲಿ ತೆಂಗು ಉಂಟು, ಮೀನು ಉಂಟು. ಅಕ್ಕಿ, ಈರುಳ್ಳಿ, ತರಕಾರಿ, ಸಿಮೆಂಟು, ಕಡೆಗೆ ಮನೆ ಕಟ್ಟುವ ಜಲ್ಲಿ ಕಲ್ಲು ಕೂಡ ದಡದಿಂದಲೇ ಹೋಗಬೇಕು. ಮಂಜಿಗೆ ಮಾಲು ತುಂಬುವುದನ್ನು ಒಂದರ್ಧ ಗಂಟೆ ನಿಂತು ನೋಡಿ. ಜಲ್ಲಿ, ಸಿಮೆಂಟು ಅಡಿಗೆ ಹೋಗುತ್ತೆ, ಇಲ್ಲದಿದ್ದರೆ ಅಲೆಗೆ ಮಂಜಿ ವಾಲುತ್ತೆ. ಅದರ ಮೇಲೆ ಅಕ್ಕಿ ಮೂಟೆ. ಈರುಳ್ಳಿಗೆ ಗಾಳಿ ಬೇಕು, ಅದಕ್ಕೆ ಮೇಲೆ ಜಾಗ. ದಡಕ್ಕೂ ಮಂಜಿಗೂ ನಡುವೆ ಹಾಕಿದ ಹಲಗೆ ಮೇಲೆ ತಲೆಹೊರೆ ಹೊತ್ತ ಹಮಾಲಿಗಳು ನಡೆಯುವಾಗ ಹಲಗೆ ಬಗ್ಗುತ್ತೆ, ಅವರ ಹೆಜ್ಜೆಯೂ ಅದೇ ತಾಳಕ್ಕೆ ಬೀಳುತ್ತೆ. ಪಕ್ಕದಲ್ಲಿ ಒಬ್ಬರು ಚೀಟಿ ಹಿಡಿದು ಮೂಟೆಯ ಮಾರ್ಕಾ ನೋಡಿ ಗೀಟು ಎಳೆಯುತ್ತಿರುತ್ತಾರೆ. ಯಾವ ದ್ವೀಪ, ಯಾವ ಅಂಗಡಿ ಎಂಬುದೆಲ್ಲ ಆ ಮಾರ್ಕಾದಲ್ಲೇ ಇರುತ್ತೆ. ಮಳೆಗಾಲದಲ್ಲಿ ಮಂಜಿಗಳು ಹೋಗುವುದಿಲ್ಲ. ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಬಂದರೆ ಇದು ತಪ್ಪಿಹೋಗುತ್ತೆ.

ಅಲ್ಲಿಂದ ಒಳಗೆ ಬನ್ನಿ. ಅಜೀಜುದ್ದೀನ್ ರಸ್ತೆ, ಬೀಬಿ ಅಲಾಬಿ ರಸ್ತೆ, ಕಂದಕ್, ಜೆ.ಎಂ. ರಸ್ತೆ — ಇದೇ ಬಂದರಿನ ಹೊಟ್ಟೆ. ಗಲ್ಲಿಗಳು ಇಕ್ಕಟ್ಟು, ಆದರೆ ಅಂಗಡಿಗಳು ಒಳಗೆ ತುಂಬಾ ಉದ್ದ. ಮುಂದೆ ಗದ್ದಿಗೆ, ನಡುವೆ ತಕ್ಕಡಿ, ಹಿಂದೆ ಹೆಂಚಿನ ಮಾಡಿನ (ಚಾವಣಿಯ) ಗೋದಾಮು. ಒಂದು ಬಾಗಿಲು ದಾಟಿದರೆ ಒಣಮೆಣಸಿನ ಘಾಟು, ಮುಂದಿನದು ಕೊಬ್ಬರಿ, ಅದರ ಆಚೆ ಒಣಮೀನು.

ನಾನು ಲೆಕ್ಕ ಬರೆಯುತ್ತಿದ್ದ ಅಂಗಡಿಯ ಯಜಮಾನರದು ಕಚ್ಛ್ ಕಡೆಯಿಂದ ಬಂದ ಮನೆತನ. ಮನೆಯಲ್ಲಿ ಕಚ್ಛಿ ಮಾತು. ಹಮಾಲಿಗಳ ಹತ್ತಿರ ಕರಾವಳಿ ಮುಸ್ಲಿಮರ ಬ್ಯಾರಿ ಭಾಷೆ, ಗಿರಾಕಿಗಳ ಹತ್ತಿರ ತುಳು, ರಥಬೀದಿಯ ವ್ಯಾಪಾರಿ ಫೋನ್ ಮಾಡಿದರೆ ಕೊಂಕಣಿ, ಲಕ್ಷದ್ವೀಪದ ತಂಡೇಲ (ಮಂಜಿ ನಡೆಸುವವನು) ಬಂದರೆ ಮಲಯಾಳ. ನನ್ನ ಪುಸ್ತಕ ಕನ್ನಡದಲ್ಲಿ. ಒಂದು ಮೂಟೆ ಮೆಣಸು ಗೋದಾಮಿನಿಂದ ಮಂಜಿಗೆ ಹೋಗುವಷ್ಟರಲ್ಲಿ ಇಷ್ಟೂ ಭಾಷೆ ಆಗಿರುತ್ತಿತ್ತು. ಯಾರೂ ಇದನ್ನು ದೊಡ್ಡ ಸಂಗತಿ ಅಂದುಕೊಳ್ಳುತ್ತಿರಲಿಲ್ಲ. ಈಗಲೂ ಹಾಗೇ ಉಂಟು, ಒಂದು ಅಂಗಡಿ ಮುಂದೆ ಸ್ವಲ್ಪ ಹೊತ್ತು ಸುಮ್ನೆ ನಿಂತರೆ ನಿಮಗೇ ಕೇಳಿಸುತ್ತೆ.

ಇದೇ ಗಲ್ಲಿಗಳ ನಡುವೆ ಝೀನತ್ ಬಕ್ಷ್ ಜುಮ್ಮಾ ಮಸೀದಿ. ಊರಿನ ಬ್ಯಾರಿಗಳು ಬೆಳಿಯೆ ಪಳ್ಳಿ ಅನ್ನುತ್ತಾರೆ. ಕ್ರಿ.ಶ. 644ರಲ್ಲಿ ಅರಬ್ ನಾಡಿನಿಂದ ಬಂದ ಮಾಲಿಕ್ ದೀನಾರ್ ಮತ್ತು ಅವರ ಸಂಗಡಿಗರ ಕಾಲದಲ್ಲಿ ಶುರುವಾಯಿತು ಎಂಬುದು ಅಲ್ಲಿನ ಪರಂಪರೆಯ ಮಾತು. ಟಿಪ್ಪು ಕಾಲದಲ್ಲಿ ಮತ್ತೆ ಕಟ್ಟಿಸಿದ್ದು. ಒಳಗಿನ ಮರದ ಕೆತ್ತನೆಯನ್ನು ನಿಧಾನಕ್ಕೆ ನೋಡಬೇಕು. ಹೂವು, ಬಳ್ಳಿ ಕೆತ್ತಿದ ಆ ಕೈ ನಮ್ಮ ಕರಾವಳಿಯ ಬಡಗಿಗಳದು ಅಂತ ನೋಡಿದ ಕೂಡಲೇ ಅನಿಸುತ್ತೆ. ತುಳುನಾಡಿನ ಹಳೆ ಗುತ್ತಿನ ಮನೆಗಳ (ದೊಡ್ಡ ಜಮೀನ್ದಾರಿ ಮನೆಗಳ) ಕಂಬ ನೋಡಿದವರಿಗೆ ಇದು ಗುರುತು ಸಿಗದೆ ಇರದು.

ಆಮೇಲೆ ರಥಬೀದಿ. ಶ್ರೀ ವೆಂಕಟರಮಣ ದೇವಸ್ಥಾನ, ಸುತ್ತ ಗೌಡ ಸಾರಸ್ವತರ ಮನೆ, ಅಂಗಡಿ, ಹೂವಿನ ಕಟ್ಟೆಗಳು. ರಥಸಪ್ತಮಿಯ ಹೊತ್ತಿಗೆ ಬಂದರೆ ಕೊಡಿಯಾಲ ತೇರು ಸಿಗುತ್ತೆ, ಆದರೆ ಆಗ ಕಾಲಿಡಲು ಜಾಗ ಇರುವುದಿಲ್ಲ. ಕೊನೆಗೆ ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡ್ ಹತ್ತಿರದ ರೊಸಾರಿಯೊ ಚರ್ಚ್. ಪೋರ್ಚುಗೀಸರು 1568ರಲ್ಲಿ ಇಲ್ಲಿ ತಮ್ಮ ವ್ಯಾಪಾರದ ಕೋಠಿಯ ಜತೆ ಕಟ್ಟಿದ ಚರ್ಚಿನ ಮುಂದುವರಿಕೆ ಇದು. ಈಗಿನ ದೊಡ್ಡ ಗುಮ್ಮಟದ ಕಟ್ಟಡ ಕಳೆದ ಶತಮಾನದ್ದು. ಪೋರ್ಚುಗಲ್ ರಾಜಲಾಂಛನ ಕೆತ್ತಿದ ಹಳೆ ಕಲ್ಲೊಂದನ್ನು ಒಳಗೆ ಉಳಿಸಿದ್ದಾರೆ, ಹುಡುಕಿ ನೋಡಿ. ರಥಬೀದಿಯ ಸಾರಸ್ವತರೂ ಈ ಚರ್ಚಿನ ಕ್ರೈಸ್ತರೂ ಗೋವಾ ಕಡೆಯಿಂದ ಬೇರೆ ಬೇರೆ ಕಾಲಕ್ಕೆ, ಬೇರೆ ಬೇರೆ ಕಷ್ಟಕ್ಕೆ ಇಲ್ಲಿಗೆ ಬಂದವರು. ಇಬ್ಬರ ಮನೆಯಲ್ಲೂ ಕೊಂಕಣಿ.

ಪ್ರಶ್ನೆ: ಮಂಗಳೂರಿನಲ್ಲಿ ಹಿಂದೆ ಒಬ್ಬ ಯಹೂದಿ ವ್ಯಾಪಾರಿ ಇದ್ದನಂತೆ, ನಮ್ಮ ಊರಿನ ಹೆಂಗಸನ್ನೇ ಮದುವೆಯಾಗಿದ್ದನಂತೆ. ಇದು ಕತೆಯೋ ನಿಜವೋ? — ಉಡುಪಿಯ ಕಾಲೇಜು ವಿದ್ಯಾರ್ಥಿನಿ

ಆ ವ್ಯಾಪಾರಿ ಇದ್ದದ್ದು ನಿಜ. ಅವನ ಕಾಗದಪತ್ರಗಳೇ ಉಳಿದಿವೆ ಮಗಳೇ. ಹೆಸರು ಅಬ್ರಹಾಂ ಬೆನ್ ಯಿಜು. ಈಗಿನ ಟ್ಯುನೀಶಿಯಾದ ಮಹ್ದಿಯಾ ಎಂಬ ಊರಿನವನು. ಯೆಮೆನ್‌ನ ಬಂದರು ಏಡನ್‌ಗೆ ಬಂದು ವ್ಯಾಪಾರ ಕಲಿತು, 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ. 1149ರವರೆಗೆ ಬಹುಪಾಲು ಈ ಕರಾವಳಿಯಲ್ಲೇ ಕಳೆದ. ಆಗ ಇಲ್ಲಿ ಆಳುತ್ತಿದ್ದವರು ಆಳುಪರು.

ಅವನ ಕಾಗದ ಹೇಗೆ ಉಳಿಯಿತು ಅಂದರೆ, ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ಯಹೂದಿಗಳು ಬಿಸಾಡುವುದಿಲ್ಲ. ಕೈರೋದ ಪ್ರಾರ್ಥನಾಲಯವೊಂದರ ಕೋಣೆಯಲ್ಲಿ ಹೀಗೆ ಶತಮಾನಗಳ ಕಾಗದ ರಾಶಿಬಿದ್ದಿತ್ತು. 19ನೇ ಶತಮಾನದ ಕೊನೆಗೆ ಅದು ಹೊರಬಂತು, ಬಹಳಷ್ಟು ಈಗ ಕೇಂಬ್ರಿಜ್‌ನಲ್ಲಿದೆ. ಅದರಲ್ಲಿ ಬೆನ್ ಯಿಜುವಿನ ಪತ್ರ, ಲೆಕ್ಕದ ಚೀಟಿ ಎಲ್ಲ ಇವೆ. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬರೆದ ಒಂದು ಪತ್ರ ಉಂಟು. ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಅದು. ಅವಳನ್ನೇ ಅವನು ಮದುವೆಯಾದ ಅಂತ ವಿದ್ವಾಂಸರು ತಿಳಿಯುತ್ತಾರೆ. ಅವನ ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ಮಾಡಿಕೊಂಡು ಬರುತ್ತಿದ್ದ ಆಳಿನ ಹೆಸರು ಬೊಮ್ಮ. ಆ ಹೆಸರನ್ನು ನಮ್ಮ ಊರಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಲೆಕ್ಕ ಬರೆದವಳಾದ್ದರಿಂದ ನನಗೆ ಜಾಸ್ತಿ ಹಿಡಿಸಿದ್ದು ಅವರ ವ್ಯವಹಾರದ ಮಾತು. ಇಲ್ಲಿಂದ ಕಾಳುಮೆಣಸು, ಅಡಿಕೆ, ಏಲಕ್ಕಿ, ಕಬ್ಬಿಣ ಹೋಗುತ್ತಿತ್ತು. ಏಡನ್‌ನಿಂದ ತಾಮ್ರ ಬರುತ್ತಿತ್ತು, ಅದನ್ನು ಇಲ್ಲಿನ ಅವನ ಕಾರ್ಖಾನೆಯಲ್ಲಿ ಪಾತ್ರೆ, ದೀಪ ಮಾಡಿ ವಾಪಸ್ ಕಳಿಸುತ್ತಿದ್ದರು. ಅವನಿಗೆ ಅಂತಲೇ ಗೆಳೆಯರು ಸಕ್ಕರೆ, ದ್ರಾಕ್ಷಿ, ಬರೆಯಲು ಒಳ್ಳೆ ಕಾಗದ ಉಡುಗೊರೆ ಕಳಿಸುತ್ತಿದ್ದರು. ಒಬ್ಬ ಸ್ಥಳೀಯ ದಲ್ಲಾಳಿ ಏಲಕ್ಕಿಗೆ ಮುಂಗಡ ತೆಗೆದುಕೊಂಡು ಮಾಲು ಕೊಡಲೇ ಇಲ್ಲ. ಆ ಹಣಕ್ಕಾಗಿ ಏಡನ್‌ನವರು ಪತ್ರದ ಮೇಲೆ ಪತ್ರ ಬರೆದರು. ಮುಂಗಡ ಕೊಟ್ಟು ಮಾಲಿಗೆ ಕಾಯುವ ಸಂಕಟ ನಮ್ಮ ಅಂಗಡಿಯಲ್ಲೂ ಕಂಡದ್ದೇ. ಅದನ್ನು ಓದುವಾಗ ಒಂಬೈನೂರು ವರ್ಷದ ದೂರ ನನಗೆ ಕಾಣಿಸಲಿಲ್ಲ.

ಅವನ ಮನೆ ಇಂಥ ಜಾಗದಲ್ಲಿತ್ತು ಅಂತ ಯಾರಾದರೂ ತೋರಿಸಿದರೆ ನಂಬಬೇಡ. ಅವನ ಗುರುತಿನ ಕಟ್ಟಡ ಯಾವುದೂ ಊರಿನಲ್ಲಿ ಉಳಿದಿಲ್ಲ. ಬಂದರಿನಲ್ಲಿ ಕೂತು ಲೆಕ್ಕ ಬರೆಯುವ ಯಾರನ್ನಾದರೂ ನೋಡು, ಅವನ ಕೆಲಸ ಹೇಗಿತ್ತು ಅಂತ ತಿಳಿಯುತ್ತೆ. ಇತಿಹಾಸದಲ್ಲಿ ಎಂ.ಎ. ಮಾಡುವ ಆಸೆ ಅಂತ ಬರೆದಿದ್ದೀಯ. ದಯವಿಟ್ಟು ಈ ಕಡೆ ಕೆಲಸ ಮಾಡು. ತುಳು ಬಲ್ಲವರು ಈ ಪತ್ರಗಳನ್ನು ಕೂತು ಓದುವುದು ಬಹಳ ಅಗತ್ಯ.

ಪ್ರಶ್ನೆ: ಬಂದರಿನಲ್ಲಿ ಇಷ್ಟೊಂದು ಜಾತಿ, ಮತ, ಭಾಷೆ ಅನ್ನುತ್ತೀರಿ. ಇವರ ನಡುವೆ ಜಗಳವೇ ಆಗಲಿಲ್ಲವೇ? ಎಲ್ಲ ಚಂದವೇ? — ಬೆಂಗಳೂರಿನ ಓದುಗರು

ಆಗಿದೆ. 14ನೇ ಶತಮಾನದಲ್ಲಿ ಇಲ್ಲಿಗೆ ಬಂದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಇದನ್ನು ಮುಚ್ಚಿಡದೆ ಬರೆದಿದ್ದಾನೆ. ಪರ್ಷಿಯಾ, ಯೆಮೆನ್‌ನ ವ್ಯಾಪಾರಿಗಳು ಇಲ್ಲಿ ಇಳಿಯುತ್ತಾರೆ, ಕಾಳುಮೆಣಸು, ಶುಂಠಿ ಹೇರಳ, ಊರಿನ ಅಂಚಿನಲ್ಲಿ ಸುಮಾರು 4,000 ಮುಸ್ಲಿಮರು ಇದ್ದಾರೆ ಎನ್ನುತ್ತಾನೆ. ಅವರಿಗೂ ಊರಿನವರಿಗೂ ಆಗಾಗ ಕಾದಾಟ ಆಗುತ್ತದೆ, ಅರಸ ನಡುವೆ ಬಂದು ರಾಜಿ ಮಾಡಿಸುತ್ತಾನೆ, ಯಾಕೆಂದರೆ ಅವನಿಗೆ ವ್ಯಾಪಾರಿಗಳು ಬೇಕು ಎಂದೂ ಹೇಳುತ್ತಾನೆ.

ನನಗೆ ಈ ಮಾತು ಬಹಳ ಮುಖ್ಯ ಅನಿಸುತ್ತೆ. ಬಂದರಿನ ಹೊಂದಾಣಿಕೆ ಒಳ್ಳೆ ಮಾತಿನಿಂದ ಹುಟ್ಟಿದ್ದಲ್ಲ, ಒಬ್ಬರ ಮಾಲು ಇನ್ನೊಬ್ಬರ ಗೋದಾಮಿನಲ್ಲಿ ಇದ್ದದ್ದರಿಂದ ಬಂದದ್ದು. ಊರಿನಲ್ಲಿ ಗಲಾಟೆ ಅಂತ ಅಂಗಡಿ ಮುಚ್ಚಿದ ದಿನಗಳನ್ನು ನಾನೂ ಕಂಡಿದ್ದೇನೆ. ಬಾಗಿಲು ತೆರೆದ ಮೇಲೆ ಮೊದಲ ಕೆಲಸ, ಯಾರ ಬಾಕಿ ಎಷ್ಟು, ಯಾರ ಮಾಲು ಎಲ್ಲಿ ನಿಂತಿದೆ ಅಂತ ಒಬ್ಬರಿಗೊಬ್ಬರು ಫೋನ್ ಮಾಡುವುದು. ಆ ಫೋನಿನಲ್ಲಿ ಮನೆಯವರ ಕ್ಷೇಮವನ್ನೂ ಕೇಳುತ್ತಿದ್ದರು. ವ್ಯಾಪಾರ ಕಡಿಮೆಯಾಗಿ, ಒಬ್ಬರಿಗೆ ಇನ್ನೊಬ್ಬರ ಅಗತ್ಯ ಇಲ್ಲದ ಹಾಗಾದರೆ ಏನಾಗಬಹುದು ಎಂಬುದೇ ನನ್ನ ಚಿಂತೆ. ಬಂದರಿನ ಅಂಗಡಿಗಳು ಒಂದೊಂದಾಗಿ ಬೈಕಂಪಾಡಿ ಕಡೆಗೋ ಹೈವೇ ಬದಿಗೋ ಹೋಗುವಾಗ ನನಗೆ ಸಂಕಟ ಆಗುವುದು ಇದಕ್ಕೇ.

ಪ್ರಶ್ನೆ: ಹಳೆ ಬಂದರಿಗೆ ದೊಡ್ಡ ಹಡಗು ಯಾಕೆ ಬರುವುದಿಲ್ಲ? — ಪುತ್ತೂರಿನ ಎಂಟನೇ ಕ್ಲಾಸಿನ ಹುಡುಗ

ಮರಳಿನಿಂದಾಗಿ, ಪುಟ್ಟ. ನೇತ್ರಾವತಿ, ಗುರುಪುರ ಎರಡೂ ನದಿಗಳು ಬಂದರಿನ ಹತ್ತಿರವೇ ಸೇರಿ ಸಮುದ್ರಕ್ಕೆ ಹೋಗುತ್ತವೆ. ಆ ಬಾಯಿಗೆ ಅಳಿವೆ ಬಾಗಿಲು ಅನ್ನುತ್ತಾರೆ. ನದಿ ಒಳಗಿನಿಂದ ಮರಳು ತರುತ್ತೆ, ಸಮುದ್ರ ಹೊರಗಿನಿಂದ ತಳ್ಳುತ್ತೆ, ಎರಡೂ ಸೇರಿ ಬಾಗಿಲಲ್ಲೇ ದಿಬ್ಬ. ಹಾಗಾಗಿ ಹಿಂದೆ ದೊಡ್ಡ ಹಡಗು ಸಮುದ್ರದಲ್ಲೇ ಲಂಗರು ಹಾಕಿ ನಿಲ್ಲುತ್ತಿತ್ತು. ಸಣ್ಣ ದೋಣಿಗಳು ಮಾಲನ್ನು ತಂದು ಕೊಡುತ್ತಿದ್ದವು. ಮಳೆಗಾಲದಲ್ಲಿ ಅದೂ ಆಗುತ್ತಿರಲಿಲ್ಲ. ಅದಕ್ಕೇ ಪಣಂಬೂರಿನಲ್ಲಿ ದಡದ ಒಳಗೆ ನೆಲ ಅಗೆದು ಹೊಸ ಬಂದರು ಮಾಡಿದರು. 1974ರಲ್ಲಿ ಅದನ್ನು ದೇಶದ ಪ್ರಮುಖ ಬಂದರು ಅಂತ ಘೋಷಿಸಿದರು. ಸುಲ್ತಾನ್ ಬತ್ತೇರಿಗೆ ಹೋದರೆ ನದಿಯನ್ನು ಹತ್ತಿರದಿಂದ ನೋಡಬಹುದು. ಶತ್ರುಗಳ ಹಡಗು ಗುರುಪುರ ನದಿಗೆ ನುಗ್ಗದಂತೆ ಕಾಯಲು 1784ರಲ್ಲಿ ಟಿಪ್ಪು ಕಟ್ಟಿಸಿದ ಕಾವಲು ಬುರುಜು ಅದು. ಪಕ್ಕದಲ್ಲೇ ತಣ್ಣೀರುಬಾವಿಗೆ ದೋಣಿ ಸಿಗುತ್ತೆ, ಅಪ್ಪನಿಗೆ ಹೇಳು.

ಪ್ರಶ್ನೆ: ನಮ್ಮ ಅಜ್ಜನ ಮನೆ ಮುರಿಯುವಾಗ 1865 ಎಂದು ಬರೆದ ಬಾಸೆಲ್ ಮಿಶನ್ ಹೆಂಚು ಸಿಕ್ಕಿದೆ. ಅಷ್ಟು ಹಳೆಯದಾ? ಬೆಲೆ ಬರುತ್ತಾ? — ತೀರ್ಥಹಳ್ಳಿಯ ಓದುಗರು

1865 ಅದು ಮಾಡಿದ ವರ್ಷವಲ್ಲ, ಕಾರ್ಖಾನೆ ಶುರುವಾದ ವರ್ಷ. ಆ ವರ್ಷ ಪ್ಲೆಬ್‌ಸ್ಟ್ ಎಂಬ ಜರ್ಮನ್ ಮಿಶನರಿ, ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಪರವಾಗಿ, ಜೆಪ್ಪಿನಲ್ಲಿ, ನೇತ್ರಾವತಿ ದಡದಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಆಮೇಲೆ ದಶಕಗಟ್ಟಲೆ ಅದೇ ವರ್ಷವನ್ನು ಅಚ್ಚಿನಲ್ಲಿ ಉಳಿಸಿಕೊಂಡರು. ನಿಮ್ಮದು ಅದಕ್ಕಿಂತ ಬಹಳ ಈಚಿನದೂ ಇರಬಹುದು. ಹೊಳೆ ದಡದ ಜೇಡಿಮಣ್ಣು, ಒಲೆಗೆ ಕಟ್ಟಿಗೆ ಎಲ್ಲ ದೋಣಿಯಲ್ಲೇ ಬರುತ್ತಿತ್ತು. ಸುಟ್ಟ ಹೆಂಚು ಬಂದರಿನಿಂದ ಹಡಗು ಹತ್ತಿ ದೇಶ ದಾಟುತ್ತಿತ್ತು.

ಹೆಂಚನ್ನು ಒಮ್ಮೆ ಮಗುಚಿ ನೋಡಿ. ಮೇಲ್ಭಾಗದಲ್ಲಿ ನೀರು ಹರಿಯುವ ಕಾಲುವೆ, ಬದಿಯಲ್ಲಿ ಒಂದರೊಳಗೆ ಒಂದು ಕೂರುವ ತುಟಿ, ಕೆಳಗೆ ರೀಪಿಗೆ ಸಿಕ್ಕಿಸುವ ಗುಬುಟು. ನಮ್ಮ ಮಳೆಗೆ, ಗಾಳಿಗೆ ಸರಿಯಾಗಿ ಯೋಚಿಸಿ ಮಾಡಿದ್ದು. ಬೆಲೆ ವಿಚಾರ ಬಿಡಿ. ಒಡೆಯದ್ದನ್ನೆಲ್ಲ ಇಳಿಸಿಟ್ಟು ಹೊಸ ಮನೆಯ ಜಗಲಿಗೋ ಕೊಟ್ಟಿಗೆಗೋ ಹಾಕಿ. ಇನ್ನೂ ಬಹಳ ವರ್ಷ ಬರುತ್ತೆ.

ಪ್ರಶ್ನೆ: ಮೇಡಂ, ನಾನು ಹಿಂದೂ, ಹೆಂಗಸು. ಜುಮ್ಮಾ ಮಸೀದಿಗೆ ಹೋಗಬಹುದಾ? — ಮೈಸೂರಿನ ಓದುಗರು

ನಮಾಜಿನ ಹೊತ್ತು ಬಿಟ್ಟು ಹೋಗಿ. ತಲೆಗೆ ದುಪಟ್ಟಾ ಇರಲಿ, ಚಪ್ಪಲಿ ಹೊರಗೆ ಬಿಡಿ. ಗೇಟಿನಲ್ಲಿ ಇರುವವರನ್ನು ಕೇಳಿ, ಎಲ್ಲಿಯವರೆಗೆ ಬರಬಹುದು ಅಂತ ಅವರೇ ಹೇಳುತ್ತಾರೆ, ಅಲ್ಲಿಯವರೆಗೆ ಹೋಗಿ. ಕೇಳದೆ ಯಾರ ಫೋಟೋವನ್ನೂ ತೆಗೆಯಬೇಡಿ. ದೇವಸ್ಥಾನದಲ್ಲೂ ಚರ್ಚಿನಲ್ಲೂ ಇದೇ ಮರ್ಯಾದೆ.

ಪ್ರಶ್ನೆ: ನೀವು ಇಷ್ಟು ಹೊಗಳುವ ಬಂದರಿಗೆ ನಾನು ಹೋಗಿದ್ದೆ. ಮೀನಿನ ವಾಸನೆ, ಕೆಸರು, ಲಾರಿ. ನೋಡುವಂಥದ್ದು ಏನೂ ಕಾಣಲಿಲ್ಲ. ಎಲ್ಲ ತೆಗೆದು ಚಂದ ಮಾಡಬಾರದೇ? — ಹೆಸರು ಬೇಡ ಎಂದವರು

ಚರಂಡಿ ಸರಿಯಾಗಬೇಕು, ರಸ್ತೆ ಸರಿಯಾಗಬೇಕು, ಹಮಾಲಿಗಳಿಗೆ ಕೂರಲು ನೆರಳು, ಹೆಂಗಸರಿಗೆ ಶೌಚಾಲಯ ಬೇಕು. ಇದರಲ್ಲಿ ನಾನು ನಿಮ್ಮ ಪರ. ಅಲ್ಲಿ ಕೆಲಸ ಮಾಡಿದವಳಿಗೆ ಆ ಕಷ್ಟ ಗೊತ್ತು. ಆದರೆ "ಎಲ್ಲ ತೆಗೆದು" ಎಂಬುದಕ್ಕೆ ನಾನು ಒಪ್ಪುವುದಿಲ್ಲ ಮಾರಾಯ್ರೆ. ಮೀನು, ಲಾರಿ, ಮೂಟೆ ತೆಗೆದ ಮೇಲೆ ಅಲ್ಲಿ ಬಂದರ್ ಎಲ್ಲಿ ಉಳಿಯಿತು? ಗೋಡೆಗೆ ಬಣ್ಣ ಹೊಡೆದು, ಹಳೆ ಗೋದಾಮನ್ನು ಕಾಫಿ ಅಂಗಡಿ ಮಾಡಿ, ಮಂಜಿಯ ಚಿತ್ರ ನೇತುಹಾಕಬಹುದು. ಆಗ ಆ ಹಮಾಲಿ ಎಲ್ಲಿಗೆ ಹೋಗಬೇಕು, ದ್ವೀಪದವರ ಅಕ್ಕಿ ಯಾವ ದಾರಿಯಲ್ಲಿ ಹೋಗಬೇಕು? ಮಾಡನ್ನು ರಿಪೇರಿ ಮಾಡಿ, ಕೆಳಗೆ ಅದೇ ವ್ಯಾಪಾರ ನಡೆಯಲು ಬಿಡಿ ಅಂತ ನಾನು ಕೇಳುವುದು. ಅಂಗಡಿ ನಡೆಯುತ್ತಿದ್ದರೆ ಮಾಡಿಗೆ ಹೆಂಚು ಹೊದೆಸುವವರು ಇರುತ್ತಾರೆ. ಖಾಲಿ ಬಿದ್ದ ಗೋದಾಮು ಎರಡು ಮಳೆಗಾಲಕ್ಕೆ ಕುಸಿಯುತ್ತೆ, ಕಣ್ಣಾರೆ ಕಂಡಿದ್ದೇನೆ.

ಇನ್ನೊಮ್ಮೆ ಬನ್ನಿ. ಬೆಳಿಗ್ಗೆ ಬೇಗ, ಮಳೆಗಾಲ ಮುಗಿದ ಮೇಲೆ.

ಪ್ರಶ್ನೆ: ಅಮ್ಮನಿಗೆ ಮಂಡಿ ನೋವು. ಜಾಸ್ತಿ ನಡೆಯಲಾರರು. ಅವರನ್ನೂ ಕರೆದುಕೊಂಡು ಹೋಗಬಹುದಾ? ಊಟ ಎಲ್ಲಿ? — ಕುಂದಾಪುರದ ಓದುಗರು

ಖಂಡಿತ ಕರೆದುಕೊಂಡು ಬನ್ನಿ. ಸ್ಟೇಟ್ ಬ್ಯಾಂಕ್ ಹತ್ತಿರ ಆಟೋ ಮಾಡಿ, ಕಾದು ನಿಲ್ಲಲು ಮೊದಲೇ ಮಾತಾಡಿ ದರ ಹೇಳಿಸಿಕೊಳ್ಳಿ. ದಕ್ಕೆಯಲ್ಲಿ ಅಮ್ಮನನ್ನು ಇಳಿಸಬೇಡಿ, ಜಾರುತ್ತೆ, ಆಟೋದಿಂದಲೇ ನೋಡಲಿ. ಹತ್ತು ಗಂಟೆ ದಾಟಿದ ಮೇಲೆ ಗಲ್ಲಿಗಳಲ್ಲಿ ಲಾರಿ ಸಿಕ್ಕಿಕೊಂಡರೆ ಅಲ್ಲೇ ಅರ್ಧ ಗಂಟೆ ಹೋಗುತ್ತೆ, ಅದಕ್ಕಿಂತ ಮೊದಲು ಒಳಗಿನ ಸುತ್ತು ಮುಗಿಸಿ. ಅವರು ಇಳಿದು ಕೂರಲು ರಥಬೀದಿಯೂ ಚರ್ಚಿನ ಅಂಗಳವೂ ಒಳ್ಳೆಯದು, ಎರಡೂ ಕಡೆ ಸಮತಟ್ಟು.

ಮೀನು ತಿನ್ನುವವರಾದರೆ ಅಜೀಜುದ್ದೀನ್ ರಸ್ತೆಯಲ್ಲೇ ಊಟ. ಅಂಜಲ್ ತವಾ ಫ್ರೈ ಎಲ್ಲರೂ ಕೇಳುತ್ತಾರೆ, ನೀವು ಬಂಗುಡೆ ಕೇಳಿ, ಅಂದಿನ ಮೀನೇ ಇರುತ್ತೆ. ಹನ್ನೆರಡೂವರೆಗೆ ಮೊದಲೇ ಹೋಗಿ ಕೂತರೆ ಅಮ್ಮನಿಗೆ ಕುರ್ಚಿ ಸಿಗುತ್ತೆ. ಸಸ್ಯಾಹಾರಿಗಳಾದರೆ ರಥಬೀದಿ ಕಡೆ ಹೋಗಿ, ಗೋಳಿಬಜೆ ಬಿಸಿ ಇರುವಾಗಲೇ ತಿನ್ನಿ.